ಉದಯಶಂಕರರ ಮಳೆ ಹಾರನ್

ನಮ್ಮ ಉದಯಶಂಕರರ ಸ್ಕೂಟರಿನಲ್ಲಿ ಹಾರನ್ ಇದೆಯೋ ಇಲ್ಲವೋ ಎಂದು ನೋಡಿದರೆ ಸಾಕು, ಅವರ ಮನೆಯಲ್ಲಿ ಯಾರ ಆಡಳಿತ ನಡೆಯುತ್ತಿದೆ ಎಂದು ಹೇಳಬಹುದು. ಹಾರನ್ ಇದ್ದರೆ ಅವರ ಹೆಂಡತಿ ದೇವಕಿಯಕ್ಕನ ಆಡಳಿತ. ಹಾರನ್ ಇಲ್ಲದೆ, ತಿರುವಿನಲ್ಲಿ "ಓಯ್, ದಾರಿ! ದಾರಿ!" ಎಂದು ಬಾಯಲ್ಲೇ ಕೂಗುತ್ತಾ ಇಳಿದು ಹೋದರೆ ವಿಜ್ಞಾನದ ಆಡಳಿತ. ನಾನು ಅವರ ಪಕ್ಕದ ಮನೆಯ ಶಾಲೆ ಮಾಸ್ಟ್ರು. ಬೆಳಗ್ಗೆ ಜಗಲಿಯಲ್ಲಿ ಪೇಪರ್ ಹಿಡಿದು ಕುಳಿತರೆ ಈ ಒಂದು ಸುದ್ದಿ ಮಾತ್ರ ಪೇಪರಿಗಿಂತ ಮುಂಚೆ ನನಗೆ ಗೊತ್ತಾಗುತ್ತದೆ.

ಕಾಸರಗೋಡು ಕಡೆಯ ಅನಂತಪುರದ ಗುಡ್ಡದಿಂದ ಹೈವೇಗೆ ಇಳಿಯುವ ದಾರಿಯಲ್ಲಿ ನಮ್ಮ ಮನೆಗಳು. ಉದಯಶಂಕರರು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರು. ಬ್ಯಾಂಕಿನಲ್ಲಿ ಅವರ ಕೈಯಿಂದ ಒಂದು ತಪ್ಪೂ ಆದದ್ದಿಲ್ಲ, ಮನೆಗೆ ಬಂದ ಮೇಲೆ ಒಂದೂ ಸರಿಯಾದದ್ದಿಲ್ಲ. ಜಗಲಿಯ ಬದಿಯ ಕೋಣೆಯಲ್ಲಿ ಬಿಚ್ಚಿಟ್ಟ ರೇಡಿಯೋಗಳು, ಕರುಳು ಹೊರಬಂದ ಟೇಪ್ ರೆಕಾರ್ಡರು, ಬೆಸುಗೆ ಹಾಕುವ ಸಾಮಾನು, ಬಿಸ್ಕತ್ತಿನ ಡಬ್ಬಿಗಳ ತುಂಬ ಕಾಳುಮೆಣಸಿನಷ್ಟೇ ದೊಡ್ಡ ಬಿಡಿಭಾಗಗಳು. ಆ ಕೋಣೆಯನ್ನು ಅವರು ಲ್ಯಾಬ್ ಎನ್ನುತ್ತಾರೆ, ದೇವಕಿಯಕ್ಕ ಗುಜರಿ ಎನ್ನುತ್ತಾರೆ. ಒಮ್ಮೆ, ಮುಟ್ಟಿದರೆ ಬಡಿಯುವ ಕರೆಗಂಟೆ ಮಾಡಿ ಬಾಗಿಲಿಗೆ ಹಾಕಿದ್ದರು. ಬೆಕ್ಕು ಮೈಯುಜ್ಜಿದರೆ ಅದು ಬಡಿಯುತ್ತಿತ್ತು, ನೆಂಟರು ಮುಟ್ಟಿದರೆ ಸುಮ್ಮನಿರುತ್ತಿತ್ತು. ಮಧೂರಿನಿಂದ ಬಂದ ದೇವಕಿಯಕ್ಕನ ಸೋದರಮಾವ ಬಾಗಿಲಲ್ಲಿ ಬಹಳ ಹೊತ್ತು ನಿಂತು, ಮನೆಯಲ್ಲಿ ಯಾರೂ ಇಲ್ಲವೆಂದು ವಾಪಸು ಹೋದರು. ಆ ವಿಷಯ ಇನ್ನೂ ಪೂರ್ತಿ ತಣ್ಣಗಾಗಿಲ್ಲ.

ನಾನು ಹೇಳಹೊರಟದ್ದು ಎರಡು ಸಾವಿರದ ಒಂಬತ್ತನೇ ಇಸವಿಯ ಬೇಸಗೆಯ ಕತೆ. ದೇವಕಿಯಕ್ಕ ಕುಟುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಘಟಕಕ್ಕೆ ಕಾರ್ಯದರ್ಶಿ. ಹಲಸಿನಕಾಯಿಯ ಕಾಲದಲ್ಲಿ ಅವರ ತಾರಸಿಯ ಮೇಲೆ ಹಪ್ಪಳವೇ ಹಪ್ಪಳ. ಕೆಳಗೆ ಅಡುಗೆಮನೆಯಲ್ಲಿ ಬೇಯಿಸುವವರು, ಕುಟ್ಟುವವರು, ಒತ್ತುವವರು. ಇನ್ನೊಂದು ಬದಿಯಲ್ಲಿ ಹಲಸಿನ ತೊಳೆಯನ್ನು ಉಪ್ಪುನೀರಿಗೆ ಹಾಕಿ ಭರಣಿ ತುಂಬಿಸುವ ಕೆಲಸ, ನಮ್ಮ ಕಡೆ ಅದಕ್ಕೆ ಉಪ್ಪಿನ ಸೊಳೆ ಎನ್ನುತ್ತಾರೆ. ಆ ಎಪ್ರಿಲಿನಲ್ಲಿ ಒಂದು ಮಧ್ಯಾಹ್ನ ಎಲ್ಲರೂ ಕೆಳಗೆ ಊಟಕ್ಕೆ ಕೂತಿದ್ದಾಗ ಮಳೆ ಬಂದು ಇಡೀ ಚಾಪೆಯ ಹಪ್ಪಳ ಗಂಜಿಯಾಯಿತು. ಉದಯಶಂಕರರು ಆ ಹೊತ್ತಿಗೆ ಮನೆಯಲ್ಲೇ ಇದ್ದರು. ಲ್ಯಾಬಿನಲ್ಲಿ ಕುಳಿತು ಒಂದು ರೇಡಿಯೋದಲ್ಲಿ ಮಳೆಯ ಸದ್ದಿನಂಥ ಗರಗರ ಬರುತ್ತಿದೆಯೆಂದು ತಲೆ ಕೆರೆದುಕೊಳ್ಳುತ್ತಿದ್ದರು.

ಅಂದು ಸಂಜೆ ದೇವಕಿಯಕ್ಕ ಹೇಳಿದ್ದು ಬೇಲಿಯಾಚೆ ನನಗೂ ಕೇಳಿಸಿತು.

"ಇದಾ, ಕೇಳಿತಾ? ಆ ಕೋಣೆ ಘಟಕಕ್ಕೆ ಬೇಕು. ಭರಣಿ ಇಡ್ಲಿಕ್ಕೆ ಜಾಗ ಇಲ್ಲ, ಒಣಗಿದ ಹಪ್ಪಳ ಇಡ್ಲಿಕ್ಕೆ ಜಾಗ ಇಲ್ಲ. ನಿಮ್ಮ ಸತ್ತ ರೇಡಿಯೋಗಳಿಗೆ ಮಾತ್ರ ಕೋಣೆ ಉಂಟು."

"ದೇವಕಿ, ಈ ಮಳೆಗಾಲ ಹಿಡಿಯುವವರೆಗೆ ಸಮಯ ಕೊಡು. ಮಳೆ ಬಂದದ್ದನ್ನು ಹೇಳುವ ಒಂದು ಯಂತ್ರ ಮಾಡಿ ಕೊಡ್ತೇನೆ. ಆಮೇಲೆ ಒಂದೇ ಒಂದು ಹಪ್ಪಳ ಒದ್ದೆಯಾದ್ರೆ ನಾನೇ ಎಲ್ಲವನ್ನೂ ಹೊತ್ತು ಗುಜರಿಗೆ ಹಾಕ್ತೇನೆ."

"ಒಂದೇ ಒಂದು?"

"ಒಂದೇ ಒಂದು."

ದೇವಕಿಯಕ್ಕ ಇಷ್ಟು ಸುಲಭಕ್ಕೆ ಒಪ್ಪಿದಾಗಲೇ ಉದಯಶಂಕರರು ಹೆದರಬೇಕಿತ್ತು. ಅವರು ಹೆದರಲಿಲ್ಲ, ಅಂಗೈ ಉಜ್ಜಿಕೊಂಡರು.

ಯಂತ್ರದ ತತ್ತ್ವ ಸರಳ. ಅಂಗೈ ಅಗಲದ ಪ್ಲಾಸ್ಟಿಕ್ ಪ್ಲೇಟಿನ ಮೇಲೆ ಎರಡು ತಾಮ್ರದ ತಂತಿಗಳನ್ನು ಒಂದಕ್ಕೊಂದು ತಾಗದ ಹಾಗೆ, ಬಾಚಣಿಗೆಯ ಹಲ್ಲುಗಳ ಹಾಗೆ ಸಾಲಾಗಿ ಕೂರಿಸಿದ್ದರು. ಹನಿ ಬಿದ್ದರೆ ತಂತಿಗಳ ನಡುವೆ ಸ್ವಲ್ಪ ವಿದ್ಯುತ್ತು ಹರಿಯುತ್ತದೆ. ಅದನ್ನು ಒಂದು ಟ್ರಾನ್ಸಿಸ್ಟರ್ ಹೆಚ್ಚಿಸಿ ಸದ್ದು ಮಾಡಿಸುತ್ತದೆ. ಮೊದಲ ಪರೀಕ್ಷೆಗೆ ಘಟಕದ ಹೆಂಗಸರೆಲ್ಲ ತಾರಸಿಯಲ್ಲಿ ಸೇರಿದರು. ಅಕ್ಕು ಪ್ಲೇಟು ಹಿಡಿದಳು, ಪರಮೇಶ್ವರಿ ಚೊಂಬಿನಿಂದ ನೀರು ಸುರಿದಳು. ಯಂತ್ರ ಸೊಳ್ಳೆಯ ಸ್ವರದಲ್ಲಿ "ಕುಂಯ್" ಎಂದಿತು.

"ಉದಯಣ್ಣ, ಇದು ಕೇಳ್ಬೇಕಾದ್ರೆ ನಾವು ಇದರ ಹತ್ರವೇ ಕೂತಿರಬೇಕು," ಎಂದಳು ಪರಮೇಶ್ವರಿ. "ಹತ್ರವೇ ಕೂತ್ರೆ ಮಳೆ ನಮ್ಮ ತಲೆಗೇ ಬೀಳ್ತದಲ್ಲ ಮಾರಾಯ್ರೆ."

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಉದಯಶಂಕರರ ಮುಖ ಸಣ್ಣದಾಯಿತು. ಆದರೆ ಮರುಕ್ಷಣವೇ ಅವರು ಪಾಠ ಮಾಡಲು ಎದ್ದು ನಿಂತರು.

"ಒಂದು ಟ್ರಾನ್ಸಿಸ್ಟರ್ ಸಾಕಾಗುದಿಲ್ಲ. ಇದಕ್ಕೆ ಡಾರ್ಲಿಂಗ್ಟನ್ ಬೇಕು. ಡಾರ್ಲಿಂಗ್ಟನ್ ಅಂದ್ರೆ ಎಂತ? ಈಗ ನಾನು ಒಂದು ಸಣ್ಣ ವಿಷಯ ಅಕ್ಕುವಿನ ಕಿವಿಯಲ್ಲಿ ಹೇಳ್ತೇನೆ ಅಂತ ಇಟ್ಟುಕೊಳ್ಳಿ. ಅಕ್ಕು ಅದನ್ನು ನೂರು ಪಾಲು ಮಾಡಿ ಪರಮೇಶ್ವರಿಗೆ ಹೇಳ್ತಾಳೆ. ಪರಮೇಶ್ವರಿ ಅದನ್ನು ಇನ್ನೂ ನೂರು ಪಾಲು ಮಾಡಿ ಊರಿಗೆ ಹೇಳ್ತಾಳೆ. ಇಬ್ಬರೂ ಸೇರಿದ್ರೆ ಎಷ್ಟಾಯ್ತು? ಹತ್ತು ಸಾವಿರ ಪಾಲು! ಹೀಗೆ ಎರಡು ಟ್ರಾನ್ಸಿಸ್ಟರನ್ನು ಒಂದೇ ಚಿಪ್ಪಿನೊಳಗೆ ಕೂರಿಸಿದ್ರೆ ಅದೇ ಡಾರ್ಲಿಂಗ್ಟನ್. ಕಾಸರಗೋಡಿನ ಅಂಗಡಿಯಲ್ಲಿ ಸಿಗ್ತದೆ."

"ಅಂದ್ರೆ ನಾವು ಚಾಡಿ ಹೇಳುವವರಾ?" ಪರಮೇಶ್ವರಿ ಚೊಂಬು ಕೆಳಗಿಟ್ಟಳು.

"ಇರ್ಲಿ ಬಿಡು ಮಾರಾಯ್ತಿ," ಎಂದಳು ಅಕ್ಕು ಖುಷಿಯಿಂದ. "ಮೆಷಿನಿನಲ್ಲಿ ನಮ್ಮ ಹೆಸರು ಬಂತಲ್ಲ."

ಉದಯಶಂಕರರು ಮರುದಿನವೇ ಡಾರ್ಲಿಂಗ್ಟನ್ ತಂದರು. ಅದರ ಶಕ್ತಿಗೆ ತಕ್ಕ ಸದ್ದು ಬೇಕೆಂದು ಸ್ಕೂಟರಿನ ಹಾರನ್ನು ಬಿಚ್ಚಿ ತಾರಸಿಯ ಗೋಡೆಗೆ ಬಿಗಿದರು. ಒಂದು ಹಳೆಯ ಬ್ಯಾಟರಿ ಜೋಡಿಸಿದರು. ಅಷ್ಟಕ್ಕೂ ಸಮಾಧಾನವಾಗದೆ ಡಾರ್ಲಿಂಗ್ಟನ್ನಿನ ಮುಂದೆ ಇನ್ನೊಂದು ಸಣ್ಣ ಟ್ರಾನ್ಸಿಸ್ಟರನ್ನೂ ಬೆಸೆದರು. ಅಕ್ಕು ಮತ್ತು ಪರಮೇಶ್ವರಿ ಸಾಲದೆಂದು ಮೂರನೆಯವರನ್ನು ಕರೆತಂದ ಹಾಗಾಯಿತು. ನಮ್ಮೂರಿನಲ್ಲಿ ಆ ಮೂರನೆಯವರು ಯಾರೆಂದು ನಾನು ಹೇಳುವುದಿಲ್ಲ. ನಾನೂ ಅವರ ನಡುವೆಯೇ ಬದುಕಬೇಕು.

ಆಮೇಲಿನ ಕೆಲವು ದಿನ ಯಂತ್ರ ಸುಮ್ಮನಿತ್ತು, ಮಳೆಯೂ ಸುಮ್ಮನಿತ್ತು. ಕ್ರಮ ಹೀಗೆ: ಬೆಳಗ್ಗೆ ಅಕ್ಕು ಉಪ್ಪಿನ ಸೊಳೆಯ ಭರಣಿಗೆ ಮೊಣಕೈವರೆಗೆ ಕೈಹಾಕಿ ಸೊಳೆಯನ್ನು ಅಮುಕಿಡುವಳು. ಅಷ್ಟರಲ್ಲಿ ಮೇಲೆ ಚಾಪೆ ಗಾಳಿಗೆ ಏಳುತ್ತಿದೆಯೆಂದು ಯಾರಾದರೂ ಬೊಬ್ಬೆ ಹಾಕುವರು. ಅಕ್ಕು ತೊಟ್ಟಿಕ್ಕುವ ಕೈಯಲ್ಲೇ ಓಡಿ ಬಂದು, ಉದಯಶಂಕರರ ಪ್ಲೇಟನ್ನೆತ್ತಿ ಚಾಪೆಯ ಮೂಲೆಗೆ ಒತ್ತಿಡುವಳು. ಪ್ಲೇಟು ಬಿಸಿಲಿಗೆ ಒಣಗಿದ ಮೇಲೆ ಉದಯಶಂಕರರು ಬಂದು ಬ್ಯಾಟರಿಯ ತಂತಿ ಸಿಕ್ಕಿಸಿ, "ದಾರಿ, ದಾರಿ" ಎಂದು ಕೂಗುತ್ತಾ ಬ್ಯಾಂಕಿಗೆ ಹೋಗುವರು.

ಒಂದು ಭಾನುವಾರ ಮಧ್ಯಾಹ್ನ, ಸುಡುಬಿಸಿಲಿನಲ್ಲಿ, ಹಾರನ್ ಇದ್ದಕ್ಕಿದ್ದಂತೆ ಕೂಗಿತು. ನಾನು ಅರೆನಿದ್ದೆಯಲ್ಲಿದ್ದವನು ಲಾರಿಯೇ ಕೋಣೆಗೆ ನುಗ್ಗಿತೆಂದು ಎದ್ದು ಕುಳಿತೆ. ಹೆಂಗಸರು ಅನ್ನದ ಕೈಯಲ್ಲೇ ಮೆಟ್ಟಿಲು ಹತ್ತಿ ಓಡಿದರು, ಚಾಪೆಗಳನ್ನು ಸುತ್ತಿದರು, ಒಬ್ಬರನ್ನೊಬ್ಬರು ತುಳಿದರು, ಎಲ್ಲವನ್ನೂ ಕೆಳಗೆ ತಂದರು. ತಂದ ಮೇಲೆ ತಲೆಯೆತ್ತಿ ನೋಡಿದರೆ ಆಕಾಶದಲ್ಲಿ ಒಂದು ಮೋಡವಿಲ್ಲ.

ದೇವಕಿಯಕ್ಕ ಸೊಂಟಕ್ಕೆ ಕೈಯಿಟ್ಟು ಗಂಡನನ್ನು ನೋಡಿದರು. "ಎಂತ ಇದು?"

ಉದಯಶಂಕರರು ಪ್ಲೇಟನ್ನು ನೋಡಿದರು. ಒಂದು ಹನಿ ನೀರಿಲ್ಲ. ಯಂತ್ರ ಯಾಕೆ ಕೂಗಿತೆಂದು ಅವರಿಗೆ ದೇವರಾಣೆಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅವರು ಗಂಟಲು ಸರಿಮಾಡಿಕೊಂಡರು.

"ಮುಂಚೆ ಹೇಳ್ತಾ ಉಂಟು. ಬರುವ ಮಳೆಯನ್ನು ಮುಂಚೆಯೇ ಹೇಳ್ತಾ ಉಂಟು. ಡಾರ್ಲಿಂಗ್ಟನ್ ಅಲ್ವಾ."

ಹೆಂಗಸರು ನಗಲು ಬಾಯಿ ತೆರೆದರು. ಅಷ್ಟರಲ್ಲಿ ಕಡಲ ಕಡೆಯಿಂದ ತಂಪು ಗಾಳಿ ಬಂತು. ಕಡಲಂಚಿನ ಮೊಗ್ರಾಲಿನ ಮೇಲೆ ಮೋಡ ಕಪ್ಪಾಯಿತು. ಅರ್ಧ ಗಂಟೆ ಕಳೆಯುವುದರೊಳಗೆ ಧೋ ಎಂದು ಮಳೆ ಸುರಿಯಿತು. ತೆರೆದ ಬಾಯಿಗಳು ಹಾಗೇ ಉಳಿದವು. ಎಲ್ಲರಿಗಿಂತ ದೊಡ್ಡದಾಗಿ ತೆರೆದದ್ದು ಉದಯಶಂಕರರ ಬಾಯಿ, ಆದರೆ ಅದನ್ನು ಅವರು ಬೇಗ ಮುಚ್ಚಿಕೊಂಡರು.

ಆ ವಾರದಲ್ಲೇ ಅದು ಮತ್ತೆ ಕೂಗಿತು, ಮತ್ತೆ ಮಳೆ ಬಂತು. ಇನ್ನೊಮ್ಮೆ ಕೂಗಿತು, ಮಳೆ ಬರಲಿಲ್ಲ, ಆದರೆ ಕುಂಬಳೆಯಲ್ಲಿ ಬಂದಿದೆಯೆಂದು ಯಾರೋ ಹೇಳಿದರು. ಅಷ್ಟು ಸಾಕಾಯಿತು. ಅಕ್ಕು ಇದನ್ನು ಪರಮೇಶ್ವರಿಗೆ ಹೇಳಿದಳು, ಪರಮೇಶ್ವರಿ ಊರಿಗೆ ಹೇಳಿದಳು. ಉದಯಶಂಕರರ ಲೆಕ್ಕ ಎಷ್ಟು ಸರಿ ಎಂದು ಆಗ ಗೊತ್ತಾಯಿತು. ಹೊರಟಾಗ "ಮಳೆಗೆ ಸ್ವಲ್ಪ ಮುಂಚೆ ಕೂಗ್ತದೆ" ಎಂದಿದ್ದ ಮಾತು ಸೀತಾಂಗೋಳಿ ಮುಟ್ಟುವಾಗ "ಯಾವ ತಾರೀಕಿಗೆ ಎಷ್ಟು ಮಳೆ ಅಂತ ಅವರ ತಾರಸಿಯಲ್ಲಿ ಒಂದು ಮೆಷಿನ್ ಹೇಳ್ತದೆ, ಜಪಾನಿನವರು ಕೇಳಿ ಬಂದಿದ್ದರು, ಕೊಡಲಿಲ್ಲ" ಎಂದಾಗಿತ್ತು.

ಬ್ಯಾಂಕಿಗೆ ಫೋನುಗಳು ಬರತೊಡಗಿದವು. ತಾರಸಿಗೆ ಕಾಂಕ್ರೀಟ್ ಹಾಕಬಹುದಾ ಎಂದು ಮೇಸ್ತ್ರಿಗಳು ಕೇಳಿದರು. ಮೀನು ಒಣಗಿಸಲು ಹಾಕಬಹುದಾ ಎಂದು ಮೊಗ್ರಾಲಿನಿಂದ ಕೇಳಿದರು. ಬ್ಯಾಂಕಿನ ಮೆನೇಜರರು ಮೊದಲು ಸಿಟ್ಟಾದರು. ಆಮೇಲೆ ತಮ್ಮ ಹೆಂಡತಿ ಬಟ್ಟೆ ಒಗೆಯಬಹುದಾ ಎಂದು ತಾವೂ ಕೇಳಿದರು. ಉದಯಶಂಕರರು ಮನೆಗೆ ಫೋನು ಮಾಡಿ ಮೆಲ್ಲಗೆ "ಕೂಗಿತಾ?" ಎಂದು ಕೇಳುವರು. ದೇವಕಿಯಕ್ಕ "ಇಲ್ಲ" ಎಂದು ಫೋನಿಡುವರು. ಇವರು ಇನ್ನೊಂದು ಫೋನೆತ್ತಿ, "ನಮ್ಮ ಲೆಕ್ಕಾಚಾರದ ಪ್ರಕಾರ ಸಂಜೆವರೆಗೆ ತೊಂದರೆ ಇಲ್ಲ" ಎನ್ನುವರು. ಮಾತಿನ ನಡುವೆ ಒಂದು ನಿಮಿಷ ಸುಮ್ಮನಿದ್ದು ಆಕಾಶ ನೋಡುವ ಅಭ್ಯಾಸವೂ ಶುರುವಾಯಿತು. ನಡಿಗೆಯಲ್ಲೇ ಏನೋ ವ್ಯತ್ಯಾಸ ಬಂದಿತ್ತು. ನನ್ನ ಹತ್ತಿರ, ಹಿಂದೆ ತಾಸುಗಟ್ಟಲೆ ಹರಟುತ್ತಿದ್ದ ಮನುಷ್ಯ, "ಮಾಸ್ಟ್ರೇ, ವಾಯುಭಾರ ಸರಿ ಇಲ್ಲ" ಎಂದಷ್ಟೇ ಹೇಳಿ ಒಳಗೆ ಹೋಗತೊಡಗಿದರು.

ಒಂದು ದಿನ ಕೃಷಿಭವನದ ಆಫೀಸರರೇ ಜೀಪಿನಲ್ಲಿ ಬಂದರು. ತೆಂಕಣ ಕೇರಳದಿಂದ ಹೊಸತಾಗಿ ಬಂದವರು, ಕನ್ನಡ ಅರ್ಧ, ಮಲಯಾಳ ಅರ್ಧ. ಹಾರನ್ನನ್ನು ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು.

"ಇದ್ ಎಂದಾಣ್ ಸಾರೇ, ಇದು ಎಂತ? ಸ್ಕೂಟರಿನ ಹಾರನ್ ಹಾಗೆ ಉಂಟಲ್ಲ?"

"ನೋಡ್ಲಿಕ್ಕೆ ಹಾಗೆ ಕಾಣ್ತದೆ ಸಾರ್," ಎಂದರು ಉದಯಶಂಕರರು.

"ಎಷ್ಟು ಕಿಲೋಮೀಟರ್ ದೂರದ ಮಳೆ ಹೇಳ್ತದೆ?"

"ಕುಂಬಳೆವರೆಗೆ ಗ್ಯಾರಂಟಿ. ಅಲ್ಲಿಂದ ಆಚೆ ಗಾಳಿ ಹೇಗೆ ಬೀಸ್ತದೆ ನೋಡಿಕೊಂಡು ಹೇಳಬೇಕು."

ಆಫೀಸರರು ತಲೆದೂಗಿ, ಮೇಲಿನವರಿಗೆ ಬರೆಯುವುದಾಗಿ ಹೇಳಿ, ಒಂದು ಕಟ್ಟು ಹಪ್ಪಳ ತೆಗೆದುಕೊಂಡು ಹೋದರು.

ಇಷ್ಟೆಲ್ಲ ಆದರೂ ದೇವಕಿಯಕ್ಕ ಮಾತ್ರ ಮಣಿಯಲಿಲ್ಲ. "ಮಾತು ಮಾತೇ," ಎಂದರು. "ಮಳೆಗಾಲ ಹಿಡಿಯುವವರೆಗೆ. ಒಂದು ಹಪ್ಪಳ ಒದ್ದೆಯಾದ್ರೆ ಕೋಣೆ ನಮ್ಮದು."

ಮೇ ತಿಂಗಳ ನಡುವಿನಲ್ಲಿ ಕುಂಞಣ್ಣ ಬಂದ. ದುಬೈಯಲ್ಲಿ ಬಹಳ ವರ್ಷ ದುಡಿದು ಮೊಗ್ರಾಲಿನಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಿದವನು. ಮನೆ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ದಿನ ನಿಶ್ಚಯವಾಗಿತ್ತು.

"ಉದಯಣ್ಣ, ಆ ದಿನ ಮೆಷಿನ್ ನನ್ನ ಮನೆಯಲ್ಲಿರಬೇಕು. ಅಂಗಳಕ್ಕೆ ಶಾಮಿಯಾನ ಹಾಕಿಸುದಿಲ್ಲ ನಾನು. ಶಾಮಿಯಾನ ಹಾಕಿದ್ರೆ ಮನೆಯ ಮುಖವೇ ಕಾಣುದಿಲ್ಲ. ಅಷ್ಟು ಚಂದ ಮಾಡಿ ಕಟ್ಟಿಸಿ ಬಟ್ಟೆ ಮುಚ್ಚುದಾ? ಹಾರನ್ ಕೂಗಿದ್ರೆ ಎಲೆ ಎತ್ತಿ ಒಳಗೆ ಹೋಗುವ. ಅರ್ಧ ಗಂಟೆ ಸಿಗ್ತದಲ್ಲ?"

"ಧಾರಾಳ ಸಿಗ್ತದೆ," ಎಂದರು ಉದಯಶಂಕರರು.

ದೇವಕಿಯಕ್ಕನ ಕಣ್ಣು ಕುಂಞಣ್ಣನ ಹೊಸ ತಾರಸಿಯ ಮೇಲೆ ಬಿತ್ತು. ಶಾಲೆಯ ಆಟದ ಬಯಲಿನಷ್ಟು ಅಗಲ. ಮಳೆಗಾಲಕ್ಕೆ ಮುಂಚಿನ ಹಪ್ಪಳದ ದೊಡ್ಡ ರಾಶಿ ಅವರ ಕೈಯಲ್ಲಿತ್ತು, ಹರವಲು ಸ್ವಂತ ತಾರಸಿ ಸಾಲದು. ಕೂಡಲೇ ಒಪ್ಪಂದವಾಯಿತು. ಮೆಷಿನ್ ಅಲ್ಲಿಗೆ ಹೋಗಬೇಕಾದರೆ ಹಪ್ಪಳವೂ ಅಲ್ಲಿಗೆ ಹೋಗಬೇಕು. ಮೇಲೆ ಹಪ್ಪಳ, ಕೆಳಗೆ ಊಟ, ನಡುವಿನ ಗೋಡೆಯಲ್ಲಿ ಹಾರನ್.

ಮುನ್ನಾದಿನ ಸಂಜೆ ಉದಯಶಂಕರರು ಜಗಲಿಯಲ್ಲಿ ಕೂತು ಪ್ಲೇಟನ್ನು ತಿರುಗಿಸಿ ನೋಡುತ್ತಿದ್ದರು. ಅದರ ಮೇಲೆಲ್ಲ ಬಿಳಿ ಪುಡಿಯಂಥ ಕೊಳೆ ಹಿಡಿದಿತ್ತು.

"ನೋಡಿ ಮಾಸ್ಟ್ರೇ, ಇಷ್ಟು ಕೊಳೆಯಲ್ಲೂ ಇಷ್ಟು ಚಂದ ಕೆಲಸ ಮಾಡಿದೆ. ಸ್ವಚ್ಛ ಇದ್ದಿದ್ದರೆ ಹೇಗಿರಬೇಡ!"

ಅವರು ಮರಳುಕಾಗದ ಹಾಕಿ ತಿಕ್ಕಿದರು, ನಿಂಬೆಹುಳಿ ಹಾಕಿ ತೊಳೆದರು, ಮಲ್ಲಿನ ಬಟ್ಟೆಯಲ್ಲಿ ಒರೆಸಿದರು. ತಾಮ್ರ ಹೊಸ ಕೊಡಪಾನದ ಹಾಗೆ ಮಿನುಗಿತು. ಮರುದಿನ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಾವೇ ಹಿಡಿದುಕೊಂಡು ಹೋದರು. ಅಕ್ಕು ಎಂದಿನಂತೆ ಎತ್ತಿಡಲು ಕೈಚಾಚಿದಳು. "ಮುಟ್ಟಬೇಡ, ಮುಟ್ಟಬೇಡ! ಇವತ್ತು ಯಾರೂ ಮುಟ್ಟಬಾರದು" ಎಂದು ಗದರಿಸಿದರು. ಅಕ್ಕುವಿನ ಮುಖ ಬಾಡಿತು. ಚಾಪೆಯ ಮೂಲೆಗೆ ಅವಳು ಒಂದು ಕಲ್ಲು ತಂದಿಟ್ಟಳು.

ಒಕ್ಕಲಿಗೆ ಊರೇ ಸೇರಿತ್ತು. ಬ್ಯಾಂಕಿನ ಮೆನೇಜರರು, ಕೃಷಿಭವನದ ಆಫೀಸರರು, ಕುಂಞಣ್ಣನ ದುಬೈ ಗೆಳೆಯರು, ಮೇಸ್ತ್ರಿಗಳು. ಮೊದಲ ಪಂಕ್ತಿಯ ಊಟ ಚೆನ್ನಾಗಿಯೇ ಮುಗಿಯಿತು. ಎರಡನೇ ಪಂಕ್ತಿಗೆ ಅಂಗಳದಲ್ಲಿ ಎಲೆ ಹಾಕುವಾಗ ಕಡಲಿನ ಮೇಲೆ ಒಂದು ಕಪ್ಪು ಗೆರೆ ಕಾಣಿಸಿತು. ಸಾರು ಬರುವಾಗ ಗೆರೆ ಗೋಡೆಯಾಗಿತ್ತು. ಎಲ್ಲರೂ ಹಾರನ್ನಿನ ಕಡೆ ನೋಡಿದರು. ಹಾರನ್ ಸುಮ್ಮನಿತ್ತು.

"ಒಳಗೆ ಹೋಗುದಾ ಎಂತ?" ಎಂದರು ನನ್ನ ಪಕ್ಕದಲ್ಲಿ ಕೂತಿದ್ದ ಮೆನೇಜರರು.

"ಕೂಗ್ಲಿಲ್ಲವಲ್ಲ ಸಾರ್," ಎಂದರು ಉದಯಶಂಕರರು, ಸಾಂಬಾರು ಕಲಸುತ್ತಾ.

ಗಾಳಿ ಎದ್ದಿತು. ಕೆಲವರ ಎಲೆ ಅನ್ನಸಮೇತ ಮಗುಚಿತು. ಎಡಗೈಯಲ್ಲಿ ಎಲೆ ಹಿಡಿದು ಬಲಗೈಯಲ್ಲಿ ಉಂಡೆವು. ತಾರಸಿಯ ಗೋಡೆಯಿಂದ ದೇವಕಿಯಕ್ಕ ಬಗ್ಗಿ ಕೂಗಿದರು.

"ಇದಾ! ಹಪ್ಪಳ ತೆಗಿಯುದಾ?"

"ಬೇಡ! ಅರ್ಧ ಗಂಟೆ ಉಂಟು! ಇನ್ನೂ ಕೂಗಿಯೇ ಇಲ್ಲ!"

"ಗುಡುಗ್ತಾ ಉಂಟು ಮಾರಾಯ್ರೆ!"

"ಗುಡುಗು ಬೇರೆ, ಮಳೆ ಬೇರೆ!"

ಅಷ್ಟು ಜನರ ಎದುರು ಗಂಡನ ಮಾತು ಮೀರುವುದು ಬೇಡವೆಂದು ದೇವಕಿಯಕ್ಕನಿಗೆ ಅನಿಸಿರಬೇಕು. ತಲೆ ಒಳಗೆ ಹೋಯಿತು.

ಪಾಯಸ ಬಂತು. ಮೊದಲ ಹನಿ ಕೃಷಿಭವನದ ಆಫೀಸರರ ಬೋಳುತಲೆಯ ಮೇಲೆ ಬಿತ್ತು. ಅವರು ತಲೆ ಮುಟ್ಟಿ ನೋಡಿಕೊಂಡು, ಬೆರಳನ್ನೂ ನೋಡಿ, ಹಾರನ್ನನ್ನೂ ನೋಡಿದರು. ಎರಡನೆಯದು ನನ್ನ ಪಾಯಸಕ್ಕೆ ಬಿತ್ತು. ಯಾರೂ ಏಳಲಿಲ್ಲ. ಏಳುವುದು ಹೇಗೆ? ಯಂತ್ರ ಇನ್ನೂ ಹೇಳಿಲ್ಲ. ಇಷ್ಟು ದಿನ ಅರ್ಧ ಗಂಟೆ ಮುಂಚೆ ಹೇಳಿದ ಯಂತ್ರ ಈಗ ಹೇಳಿಲ್ಲವೆಂದರೆ ಇದು ಮಳೆಯಾಗಿರಲಾರದು. ಮೇಸ್ತ್ರಿಗಳು ಯಾರೋ ಮೇಲಿನಿಂದ ಕೈ ತೊಳೆದದ್ದಿರಬೇಕೆಂದು ಸಮಾಧಾನ ಹೇಳಿದರು. ಪಟಪಟನೆ ಹನಿಗಳು ಎಲೆಯ ಮೇಲೆ ಬೀಳುತ್ತಿದ್ದವು, ಅಷ್ಟು ಜನ ಕೈ ನಿಲ್ಲಿಸಿ ಕತ್ತೆತ್ತಿ ಒಂದು ಸ್ಕೂಟರ್ ಹಾರನ್ನಿನ ಅಪ್ಪಣೆ ಕಾಯುತ್ತಿದ್ದೆವು.

ಆಗ ಒಂದು ಹನಿ ತಾರಸಿಯ ಮೇಲಿನ ಪ್ಲೇಟಿಗೆ ಬಿತ್ತು. ಹಾರನ್ ಊರೊಡೆಯುವಂತೆ ಕೂಗಿತು.

ನ್ಯಾಯವಾಗಿ ಹೇಳಬೇಕೆಂದರೆ ಯಂತ್ರ ಸರಿಯಾಗಿ ಕೆಲಸ ಮಾಡಿದ್ದು ಆ ದಿನ ಮಾತ್ರ. ಮಳೆ ಬಂದದ್ದನ್ನು ಹೇಳುವ ಯಂತ್ರ ಮಾಡುತ್ತೇನೆ ಎಂದು ಉದಯಶಂಕರರು ಹೆಂಡತಿಗೆ ಮಾತು ಕೊಟ್ಟಿದ್ದರು, ಮಳೆ ಬಂತು, ಅದು ಹೇಳಿತು. ಆದರೆ ಇದನ್ನು ವಿವರಿಸುವ ಸಮಯ ಅದಾಗಿರಲಿಲ್ಲ. ಆಕಾಶವೇ ಹರಿದು ಬಿತ್ತು. ಮೆನೇಜರರು ಬಾಳೆಎಲೆಯನ್ನು ತಲೆಗೆ ಹಿಡಿದು ಓಡಿದರು. ಎಲೆಯಲ್ಲಿದ್ದ ಸಾಂಬಾರು ಅವರ ಜೊತೆಗೇ ಓಡಿತು. ಕುಂಞಣ್ಣ ಮೆಟ್ಟಿಲಲ್ಲಿ ನಿಂತು "ಉದಯಣ್ಣಾ! ಅರ್ಧ ಗಂಟೆ ಎಲ್ಲಿ? ಅರ್ಧ ಗಂಟೆ ಎಲ್ಲಿ?" ಎಂದು ಬೊಬ್ಬೆ ಹಾಕುತ್ತಿದ್ದ. ಹಾರನ್ ನಿಲ್ಲಲಿಲ್ಲ. ಅದನ್ನು ನಿಲ್ಲಿಸಲು ಮೇಲೆ ಹೋದ ಉದಯಶಂಕರರು ಕಂಡದ್ದು, ಆ ಅಗಲದ ತಾರಸಿಯ ತುಂಬ ತೇಲುತ್ತಿರುವ ಹಪ್ಪಳ, ನಡುವೆ ಖಾಲಿ ಕೈಯಲ್ಲಿ ನಿಂತ ದೇವಕಿಯಕ್ಕ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಉದಯಶಂಕರರು ಆಮೇಲೆ ನನ್ನ ಹತ್ತಿರ ಹೇಳಿದರು.

ಮರುದಿನ ಲ್ಯಾಬ್ ಖಾಲಿಯಾಯಿತು. ನಾನೂ ಒಂದು ಕೈ ಹಾಕಿದೆ. ಗುಜರಿಯವನು ತಕ್ಕಡಿ ಹಿಡಿದು ಅಂಗಳಕ್ಕೆ ಬಂದಿದ್ದ. ಉದಯಶಂಕರರು ಬಿಸ್ಕತ್ತಿನ ಡಬ್ಬಿಗಳನ್ನು ಒಂದೊಂದಾಗಿ ತಂದು ಇಡುತ್ತಿದ್ದರು. ಪ್ರತಿ ಡಬ್ಬಿಯನ್ನೂ ಒಮ್ಮೆ ತೆರೆದು ನೋಡಿ ಮುಚ್ಚುತ್ತಿದ್ದರು. ಅದು ದೇವಕಿಯಕ್ಕನ ಕಣ್ಣಿಗೂ ಬಿದ್ದಿರಬೇಕು.

"ಗುಜರಿಗೆ ಬೇಡ. ಸೌದೆ ಕೊಟ್ಟಿಗೆಯಲ್ಲಿ ಇಡಿ," ಎಂದು ಒಳಗಿನಿಂದಲೇ ಹೇಳಿದರು.

ಸ್ಕೂಟರಿಗೆ ಹಾರನ್ ವಾಪಸು ಬಂತು. ಖಾಲಿ ರಸ್ತೆಯಲ್ಲೂ ಅದನ್ನು ಒತ್ತುತ್ತಾ, ಯಾರ ಮುಖವನ್ನೂ ನೋಡದೆ ಉದಯಶಂಕರರು ಬ್ಯಾಂಕಿಗೆ ಹೋಗಿ ಬರತೊಡಗಿದರು. ಬ್ಯಾಂಕಿನಲ್ಲಿ ಈಗ ಯಾರೂ ಅವರನ್ನು ಮಳೆಯ ವಿಷಯ ಕೇಳುತ್ತಿರಲಿಲ್ಲ. ಅವರು ಕೊಡೆ ಹಿಡಿದು ಹೊರಟರೆ ಜನ ತಮ್ಮ ಕೊಡೆ ಮನೆಯಲ್ಲಿಟ್ಟು ಬರುತ್ತಿದ್ದರು. ಅಕ್ಕು ಮತ್ತು ಪರಮೇಶ್ವರಿ ಈ ಸುದ್ದಿಯನ್ನೂ ಹತ್ತು ಸಾವಿರ ಪಾಲು ಮಾಡಿದ್ದರು.

ಹೆಂಗಸರು ಮರದ ತುದಿಯಲ್ಲಿ ಉಳಿದಿದ್ದ ಹಲಸನ್ನು ಕೊಯ್ಯಿಸಿ ಮತ್ತೊಮ್ಮೆ ಹಪ್ಪಳಕ್ಕೆ ಕೂತರು. ಆ ವರ್ಷಕ್ಕೆ ಅದೇ ಕೊನೆ, ಅದು ಹೋದರೆ ಬೇರೆ ಕಾಯಿಲ್ಲ. ಆ ದಿನಗಳಲ್ಲೇ ಒಂದು ರಜೆಯ ದಿನ ಉದಯಶಂಕರರು ವಿದ್ಯುತ್ತು ಅಳೆಯುವ ಮೀಟರನ್ನು ಹುಡುಕಿಕೊಂಡು ತಮ್ಮ ಹಳೆಯ ಕೋಣೆಗೆ ಕಳ್ಳನ ಹಾಗೆ ಹೋದರು. ಕೋಣೆಯ ತುಂಬ ಭರಣಿಗಳು. ಮೂಲೆಯ ಭರಣಿಯ ಬಾಯಿಯ ಮೇಲೆ, ಮುಚ್ಚಿದ ಬಟ್ಟೆ ಹಾರದಂತೆ, ಅಕ್ಕು ಇಟ್ಟದ್ದು ಅವರ ಪ್ಲೇಟು. ಅದರ ಮೇಲೆ ಮೊದಲಿನ ಹಾಗೆಯೇ ಬಿಳಿ ಪುಡಿ.

ಅವರು ಸುಮ್ಮನೆ ಅಭ್ಯಾಸಬಲದಿಂದ ಮೀಟರಿನ ಕಡ್ಡಿಗಳನ್ನು ತಂತಿಗೆ ಹಿಡಿದರು. ಮುಳ್ಳು ಅಲ್ಲಾಡಲಿಲ್ಲ. ಆಗ ಕಿಟಕಿಯಿಂದ ಕಡಲ ಗಾಳಿ ಸುಳಿಯಿತು, ಉಪ್ಪು ಇಟ್ಟ ಕಡೆ ಮಳೆಗೆ ಮುಂಚೆ ಬರುವ ಪಸೆ ವಾಸನೆ. ಬಿಳಿ ಪುಡಿ ಕಣ್ಣೆದುರೇ ಒದ್ದೆಯಾಗಿ ಬೆವರಿತು. ಮುಳ್ಳು ಮೆಲ್ಲನೆ ಎದ್ದಿತು.

"ಉಪ್ಪು!" ಎಂದು ಅವರು ಕಿರುಚಿದ್ದು ನನ್ನ ಜಗಲಿಗೂ ಕೇಳಿತು. "ಅಯ್ಯೋ ಮಾರಾಯ್ರೆ, ಉಪ್ಪು! ಅಕ್ಕುವಿನ ಕೈಯ ಉಪ್ಪು! ನಾನೇ ತಿಕ್ಕಿ ತೊಳೆದುಬಿಟ್ಟೆ!"

ಮುಂದಿನದ್ದು ನಾನು ಬೇಲಿಯಿಂದ ನೋಡಿದ್ದು. ಸ್ಕೂಟರಿನ ಹಾರನ್ ಕಿತ್ತು ಬಂತು. ಪ್ಲೇಟೂ ಬ್ಯಾಟರಿಯೂ ತಾರಸಿಗೆ ಹೋದವು. ತಂತಿ ಸಿಕ್ಕಿಸಿದ ಕೂಡಲೇ, ನೀಲಿ ಆಕಾಶದ ಕೆಳಗೆ, ಹಾರನ್ ಕೂಗಿತು. ಕೆಳಗೆ ಹಪ್ಪಳ ಒತ್ತುತ್ತಿದ್ದ ಹೆಂಗಸರಲ್ಲಿ ಒಬ್ಬರೂ ಮೇಲೇಳಲಿಲ್ಲ. ಪರಮೇಶ್ವರಿ ಜೋರಾಗಿ ನಕ್ಕಳು. "ಉದಯಣ್ಣ, ನಮ್ಮನ್ನು ಇನ್ನೂ ಮಂಗ ಮಾಡ್ತೀರಾ?"

"ಅದನ್ನು ಬಂದ್ ಮಾಡಿ," ಎಂದರು ದೇವಕಿಯಕ್ಕ.

ಉದಯಶಂಕರರು ಬಂದ್ ಮಾಡಿದರು. ಆಮೇಲೆ, ಪಂಚೆ ಎತ್ತಿ ಕಟ್ಟಿ, ಒಬ್ಬರೇ ಚಾಪೆಗಳನ್ನು ಸುತ್ತತೊಡಗಿದರು. ಸುಡುಬಿಸಿಲಿನಲ್ಲಿ ಒಂದೊಂದನ್ನೇ ಎದೆಗೆ ಅಪ್ಪಿಕೊಂಡು ಮೆಟ್ಟಿಲಿಳಿದು ಕೋಣೆಯಲ್ಲಿಟ್ಟು ಮತ್ತೆ ಹತ್ತಿದರು. ಬೆವರು ಕಣ್ಣಿಗಿಳಿಯುತ್ತಿತ್ತು. ಹೆಂಗಸರ ನಗು ಪ್ರತಿ ಸಲ ಅವರ ಜೊತೆಗೇ ಇಳಿದು ಹತ್ತುತ್ತಿತ್ತು. ಕೊನೆಯ ಚಾಪೆ ಒಳಗೆ ಬರುವಾಗ ಬಾಗಿಲು ಗಾಳಿಗೆ ದಡಾರನೆ ಬಡಿಯಿತು. ಅಂಗಳದ ಬಿಸಿಲು ದೀಪ ಆರಿದ ಹಾಗೆ ಹೋಯಿತು. ಆಮೇಲೆ ಮಳೆ ಬಂತು. ಆ ವರ್ಷದ ಮಳೆಗಾಲ ನಮ್ಮೂರಿಗೆ ಹಿಡಿದದ್ದು ಆ ಮಳೆಯಿಂದಲೇ.

ನಾನೂ ಬೇಲಿ ದಾಟಿ ಅವರ ಜಗಲಿಗೆ ಓಡಿದೆ. ದೇವಕಿಯಕ್ಕ ಕೋಣೆಗೆ ಹೋಗಿ ಚಾಪೆ ಬಿಡಿಸಿ ಒಂದು ಹಪ್ಪಳವನ್ನು ಬೆರಳಲ್ಲಿ ತಟ್ಟಿ ನೋಡಿದರು. ಟಣ್ ಎಂದಿತು. ಉದಯಶಂಕರರು ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದರು. ಡಾರ್ಲಿಂಗ್ಟನ್ ಎಂಬ ಶಬ್ದ ಅವರ ನಾಲಗೆಯ ತುದಿಗೆ ಬಂದದ್ದು ನನಗೆ ಕಾಣಿಸಿತು.

"ಇನ್ನು ಮುಂದೆ ಅದು ಕೂಗಿದ್ರೆ ಮಳೆ ಬರ್ತದೆ, ಅಲ್ವಾ?" ಎಂದು ಕೇಳಿದರು ದೇವಕಿಯಕ್ಕ.

"ಬರ್ತದೆ."

"ಕೂಗದಿದ್ರೆ?"

ಉದಯಶಂಕರರು ಪಂಚೆಯ ತುದಿಯಿಂದ ಮುಖದ ಬೆವರು ಒರೆಸಿಕೊಂಡರು.

"ಕೂಗದಿದ್ರೆ... ಒಮ್ಮೆ ಆಕಾಶ ನೋಡು."

ದೇವಕಿಯಕ್ಕ ಅವರ ಮುಖವನ್ನೇ ನೋಡಿದರು. ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು. "ಅಕ್ಕೂ, ಆ ಮೂಲೆಯ ಭರಣಿಗಳನ್ನು ಸ್ವಲ್ಪ ಈಚೆ ಸರಿಸು. ಅಲ್ಲಿ ಒಂದು ಮೇಜು ಹಿಡಿಯುವಷ್ಟು ಜಾಗ ಬೇಕು."

ಮರುದಿನ ಬೆಳಗ್ಗೆ ನಾನು ಜಗಲಿಯಲ್ಲಿ ಪೇಪರ್ ಬಿಡಿಸುತ್ತಿದ್ದೆ. ಜಿಟಿಜಿಟಿ ಮಳೆಯಲ್ಲಿ, ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಉದಯಶಂಕರರು ಸ್ಕೂಟರಿನಲ್ಲಿ ತಿರುವು ದಾಟುತ್ತಿದ್ದರು. "ಓಯ್, ದಾರಿ! ದಾರಿ!" ಎಂಬ ಅವರ ಕೂಗು ಹೈವೇವರೆಗೂ ಕೇಳುತ್ತಿತ್ತು.